ಇಳಿಯದೆ ಮೇಲೇರಿದ ವಿಮಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜುಲೈಯಲ್ಲಿ ಮುಂಬಯಿಯಿಂದ ಬರುವಾಗ ನಮ್ಮ ವಿಮಾನ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಲ್ಲಿ ಇನ್ನೇನು ಇಳಿಯಿತು ಎನ್ನುವಷ್ಟರಲ್ಲಿ ಜೋರಾಗಿ ಸದ್ದು ಮಾಡುತ್ತ ಮೇಲೇರಿತು. ‘ಗೋ-ಅರೌಂಡ್’ ಎಂದರು. ಅಮ್ಮ ಹೆದರಿ ಇನ್ನು ವಿಮಾನವೇ ಬೇಡ ಎನ್ನುತ್ತಿದ್ದಾರೆ. ಏನಾಗಿರಬಹುದು?
– ಓದುಗರು, ಕಿನ್ನಿಗೋಳಿ

ಉತ್ತರ: ಗೋ-ಅರೌಂಡ್ ಅಪಘಾತದ ಲಕ್ಷಣವಲ್ಲ, ಅಪಘಾತ ಆಗದಂತೆ ನೋಡಿಕೊಳ್ಳುವ ಕ್ರಮ. ಅಮ್ಮನವರಿಗೆ ಮೊದಲು ಇದನ್ನು ಹೇಳಿ. ಇಳಿಯಲು ಬರುವ ಪೈಲಟ್‌ಗಳು ಇಳಿಯಲಾಗದಿದ್ದರೆ ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ಏರಬೇಕೆಂದು ಮೊದಲೇ ಮಾತಾಡಿಕೊಂಡಿರುತ್ತಾರೆ. ಆ ದಾರಿ ನಕ್ಷೆಯಲ್ಲೇ ಇರುತ್ತದೆ.

ಮಳೆಗಾಲದಲ್ಲಿ ಸಾಮಾನ್ಯ ಕಾರಣ ಮೋಡ. ಐಎಲ್‌ಎಸ್ ಎಂಬ ರೇಡಿಯೊ ವ್ಯವಸ್ಥೆ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ವಿಮಾನವನ್ನು ರನ್‌ವೇ ಕಡೆಗೆ ಕರೆತರುತ್ತದೆ. ಅದರ ಮೊದಲ ದರ್ಜೆಯಲ್ಲಿ ನೆಲದಿಂದ 200 ಅಡಿಗಿಂತ ಕೆಳಗಿಳಿಯುವ ಮೊದಲು ರನ್‌ವೇ ಅಥವಾ ಅದರ ದೀಪಗಳು ಪೈಲಟ್ ಕಣ್ಣಿಗೆ ಬೀಳಲೇಬೇಕು. ಕಾಣದಿದ್ದರೆ ‘ಇನ್ನೊಂಚೂರು ನೋಡೋಣ’ ಎನ್ನುವಂತಿಲ್ಲ, ಏರಲೇಬೇಕು. ಗಾಳಿ ಏಕಾಏಕಿ ದಿಕ್ಕು ಬದಲಿಸಿದರೆ, ಮೊದಲೇ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟು ಹೊರಡದಿದ್ದರೆ, ವೇಗ ಹೆಚ್ಚಿದ್ದರೆ ಕೂಡ ಹಾಗೆಯೇ.

ನಿಮಗೆ ಕೇಳಿಸಿದ ಸದ್ದು ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟಾಗಿನದು. ಮೂತಿ ಸುಮಾರು 15 ಡಿಗ್ರಿ ಮೇಲೆತ್ತುತ್ತಾರೆ, ರೆಕ್ಕೆಯ ಫ್ಲಾಪ್‌ಗಳನ್ನು ಒಂದು ಹಂತ ಒಳಗೆಳೆಯುತ್ತಾರೆ, ವಿಮಾನ ಏರುತ್ತಿದೆ ಎಂದು ಖಚಿತವಾದ ಮೇಲೆ ಚಕ್ರಗಳನ್ನು ಮಡಚುತ್ತಾರೆ. ಆಮೇಲಷ್ಟೇ ನಿಲ್ದಾಣದ ನಿಯಂತ್ರಣ ಟವರ್‌ಗೆ ತಿಳಿಸುವುದು. ಪ್ರಯಾಣಿಕರಿಗೆ ಹೇಳಲು ಕೆಲವು ನಿಮಿಷ ತಡವಾಗುವುದು ಇದೇ ಕಾರಣಕ್ಕೆ. ಇಂಧನದ ಚಿಂತೆಯೂ ಬೇಡ: ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಇನ್ನೂ 30 ನಿಮಿಷ ಹಾರುವಷ್ಟು ಇಂಧನ ಹೊರಡುವಾಗಲೇ ಇರಬೇಕು.

ಬಜಪೆಯಲ್ಲಿ ಈ ಶಿಸ್ತಿಗೆ ಎರಡು ಪಟ್ಟು ಬೆಲೆ. ಅದು ಟೇಬಲ್‌ಟಾಪ್ ರನ್‌ವೇ: ಗುಡ್ಡದ ತಲೆ ಸವರಿ ಮಾಡಿದ್ದು, ಆಚೆ ಕಣಿವೆ. ಉದ್ದ 2,450 ಮೀಟರ್. ಜೆಟ್ ವಿಮಾನ ಇಳಿಯುವ ವೇಗ ಸುಮಾರು 140 ನಾಟ್, ಅಂದರೆ ಸೆಕೆಂಡಿಗೆ 70 ಮೀಟರ್‌ಗೂ ಹೆಚ್ಚು. ನೆಲ ಮುಟ್ಟದೆ ಐದು ಸೆಕೆಂಡ್ ತೇಲಿದರೆ 350 ಮೀಟರ್ ಹೋಯಿತು. ಒದ್ದೆ ರನ್‌ವೇಯಲ್ಲಿ ಬ್ರೇಕ್ ಹಿಡಿಯಲು ಇನ್ನಷ್ಟು ದೂರ ಬೇಕು.

2010ರ ಮೇ 22ರಂದು ಇಲ್ಲೇ 158 ಜನರನ್ನು ಬಲಿ ತೆಗೆದುಕೊಂಡ ದುರಂತದ ತನಿಖಾ ವರದಿ ಹೇಳಿದ್ದೂ ಇದನ್ನೇ. ವಿಮಾನ ಇಳಿಜಾರಿನ ದಾರಿಗಿಂತ ಬಹಳ ಎತ್ತರದಲ್ಲಿತ್ತು. ಗೋ-ಅರೌಂಡ್ ಮಾಡಿ ಎಂದು ಕೋ-ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿದರು. ಚಕ್ರ ನೆಲ ಮುಟ್ಟಿದ್ದು ರನ್‌ವೇ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ. ಎಂಜಿನ್‌ನ ಒತ್ತನ್ನು ಮುಂದಕ್ಕೆ ತಿರುಗಿಸಿ ವಿಮಾನವನ್ನು ನಿಧಾನಗೊಳಿಸುವ ರಿವರ್ಸರ್ ತೆರೆದ ಬಳಿಕ ಮತ್ತೆ ಏರಲು ನೋಡಿದರು. ರಿವರ್ಸರ್ ಒಮ್ಮೆ ತೆರೆದರೆ ನಿಲ್ಲಿಸುವುದೇ ಸರಿ, ಆಗ ಏರಲು ಹೋಗಬಾರದು. ನಿಮ್ಮ ಪೈಲಟ್ ಸಮಯವಿರುವಾಗಲೇ ಮೇಲೇರಿದರು. ಅವರಿಗೆ ಕೃತಜ್ಞರಾಗಿರಬೇಕು.

ಪ್ರಶ್ನೆ: ಬಜಪೆಯ ರನ್‌ವೇಯನ್ನು ಒಮ್ಮೆ 24, ಒಮ್ಮೆ 06 ಎನ್ನುತ್ತಾರಲ್ಲ, ಎರಡು ಬೇರೆ ರನ್‌ವೇಗಳೇ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಒಂದೇ ರನ್‌ವೇ, ಎರಡು ತುದಿ. ದಿಕ್ಸೂಚಿಯ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ಸರಿಹೊಂದಿಸಿ, ಕೊನೆಯ ಸೊನ್ನೆ ಬಿಟ್ಟರೆ ಈ ಸಂಖ್ಯೆ ಬರುತ್ತದೆ. ವಿಮಾನ ನೈಋತ್ಯಕ್ಕೆ ಮುಖ ಮಾಡಿ, ಸುಮಾರು 240 ಡಿಗ್ರಿಯಲ್ಲಿ ಇಳಿದರೆ 24. ಎದುರು ದಿಕ್ಕಿನಲ್ಲಿ, 60 ಡಿಗ್ರಿಯಲ್ಲಿ, ಇಳಿದರೆ 06. ಸಾಧ್ಯವಾದಷ್ಟು ಎದುರುಗಾಳಿಗೆ ಇಳಿಯಬೇಕು, ಹಾಗಾಗಿ ನೈಋತ್ಯ ಮಳೆಗಾಳಿ ಬೀಸುವಾಗ 24 ಅನುಕೂಲ. ಹಳೆಯ, ಚಿಕ್ಕ ರನ್‌ವೇಯ ಹೆಸರು 09/27.

ಪ್ರಶ್ನೆ: ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಹೇಳಿದ್ದನ್ನೇ ಪೈಲಟ್ ಗಿಳಿಯಂತೆ ಒಪ್ಪಿಸುವುದೇಕೆ? ‘ರೋಜರ್’ ಎಂದರೆ ಸಾಲದೇ?
– ಓದುಗರು, ಕುಂದಾಪುರ

ಉತ್ತರ: ಸಾಲದು. ‘ರೋಜರ್’ ಎಂದರೆ ನೀವು ಹೇಳಿದ್ದು ಪೂರ್ತಿ ಕೇಳಿಸಿತು, ಅಷ್ಟೇ. ಹಾಗೇ ಮಾಡುತ್ತೇನೆ ಎನ್ನಲು ‘ವಿಲ್ಕೊ’. ಎತ್ತರ, ದಿಕ್ಕು, ರನ್‌ವೇ ಅನುಮತಿ, ಕ್ಯೂಎನ್‌ಎಚ್ ಇವುಗಳನ್ನಂತೂ ತಿರುಗಿ ಹೇಳಲೇಬೇಕು. ಎಟಿಸಿ ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಿದ್ದಬೇಕು.

ಕ್ಯೂಎನ್‌ಎಚ್ ಎನ್ನುವುದು ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ. ಎತ್ತರ ಅಳೆಯುವ ಆಲ್ಟಿಮೀಟರ್‌ಗೆ ಇದನ್ನು ತುಂಬಬೇಕು. 1003 ಎಂದದ್ದನ್ನು 1013 ಎಂದು ಕೇಳಿಸಿಕೊಂಡರೆ ಮಾಪಕ ಇರುವುದಕ್ಕಿಂತ ಸುಮಾರು 300 ಅಡಿ ಹೆಚ್ಚು ತೋರಿಸುತ್ತದೆ. ಮೋಡದೊಳಗೆ ಗುಡ್ಡದ ಕಡೆ ಇಳಿಯುವವರಿಗೆ ಅದು ಪ್ರಾಣಾಂತಿಕ ವ್ಯತ್ಯಾಸ.

1977ರಲ್ಲಿ ಟೆನೆರಿಫ್‌ನಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತರು. ಒಂದು ವಿಮಾನ ಅನುಮತಿ ಇಲ್ಲದೆ ಓಡತೊಡಗಿತ್ತು. ಅದರ ಪೈಲಟ್ ‘ಟೇಕ್-ಆಫ್’ ಎಂದದ್ದನ್ನು ಎಟಿಸಿ ಬೇರೆ ರೀತಿ ಅರ್ಥ ಮಾಡಿಕೊಂಡಿತು. ಈಗ ಆ ಪದ ಬಳಸುವುದು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ. ಉಳಿದೆಡೆ ‘ಡಿಪಾರ್ಚರ್’.

ಪ್ರಶ್ನೆ: ಮಲ್ಪೆಯಲ್ಲಿ ನಿಂತು ಮೊಬೈಲ್‌ನಲ್ಲಿ ನೋಡಿದರೆ ಒಂದು ವಿಮಾನ ಕಡಲ ಮೇಲೆ ಸುತ್ತುತ್ತಲೇ ಇತ್ತು. ಕೆಟ್ಟಿತ್ತೇ?
– ಓದುಗರು, ಉಡುಪಿ

ಉತ್ತರ: ಹಾಗೇನಿಲ್ಲ, ಅದು ‘ಹೋಲ್ಡಿಂಗ್’ ಇರಬೇಕು. ಮೋಡ ಸರಿಯಲಿ ಅಥವಾ ಸರದಿ ಬರಲಿ ಎಂದು ಕಾಯುವ ಕ್ರಮ. ಸಾಮಾನ್ಯವಾಗಿ ಬಲಕ್ಕೆ ತಿರುಗುತ್ತಾರೆ. 14,000 ಅಡಿವರೆಗೆ ನೇರ ಹಾರಾಟ ಒಂದು ನಿಮಿಷ, ತಿರುವು ಒಂದು ನಿಮಿಷ, ಹೀಗೆ ಎರಡು ಸಲ; ಒಂದು ಸುತ್ತಿಗೆ ಹತ್ತಿರಹತ್ತಿರ ನಾಲ್ಕು ನಿಮಿಷ. ಬದಲಿ ನಿಲ್ದಾಣಕ್ಕೆ ಬೇಕಾದ ಇಂಧನವನ್ನು ಮುಟ್ಟುವ ಹೊತ್ತು ಬರುವ ಮೊದಲೇ ಸುತ್ತುವುದನ್ನು ಬಿಟ್ಟು ಅಲ್ಲಿಗೆ ಹೊರಡುತ್ತಾರೆ.