ಸಿಪಿಯು ಖಾಲಿ ಇದ್ರೂ ಲೋಡ್ ಆರು ಯಾಕೆ?

ಪ್ರಶ್ನೆ: ಸರ್ ನಮಸ್ಕಾರ, ಅಂಗಡಿ ಬಿಲ್ಲಿಂಗ್‌ಗೆ ಒಂದು ಹಳೇ ಡೆಸ್ಕ್‌ಟಾಪಿಗೆ ಉಬುಂಟು ಹಾಕಿಸಿದೀನಿ, ಈಗೀಗ ವಿಪರೀತ ಸ್ಲೋ. ಮಗ ಟರ್ಮಿನಲ್ ತೆಗೆದು ಅಪ್‌ಟೈಮ್ ಅಂತ ಹೊಡೆದ, 63 ದಿನದಿಂದ ಆನ್ ಇದೆ ಅಂತ ಬಂತು, ಕೊನೇಲಿ ಲೋಡ್ ಆವರೇಜ್ 6.12, 5.80, 3.10. ಆದ್ರೆ ಟಾಪ್ ಕಮಾಂಡಲ್ಲಿ ನೋಡಿದ್ರೆ ಸಿಪಿಯು ಶೇ. 10 ಕೂಡ ಓಡ್ತಿಲ್ಲ! ಯಾವುದನ್ನ ನಂಬೋದು? ವೈರಸ್ಸಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಎರಡನ್ನೂ ನಂಬಿ, ಎರಡೂ ನಿಜಾನೇ ಹೇಳ್ತಿವೆ. ಲೋಡ್ ಅನ್ನೋದು ಶೇಕಡಾ ಲೆಕ್ಕ ಅಲ್ಲ, ಓಡ್ತಿರೋ ಕೆಲಸ ಮತ್ತೆ ಸರದೀಲಿ ಕಾಯ್ತಿರೋ ಕೆಲಸ ಸೇರಿ ಸರಾಸರಿ ಎಷ್ಟು ಅನ್ನೋದು. ಆ ಮೂರು ಸಂಖ್ಯೆ ಸರಿಸುಮಾರು ಕಳೆದ 1, 5, 15 ನಿಮಿಷದ್ದು, ನಿಮ್ಮಲ್ಲಿ ಮೊದಲನೇದು ದೊಡ್ಡದು ಕೊನೇದು ಚಿಕ್ಕದು ಅಂದ್ರೆ ತೊಂದರೆ ಶುರುವಾಗಿ ಜಾಸ್ತಿ ಹೊತ್ತಾಗಿಲ್ಲ. 6 ಹೆಚ್ಚಾ ಕಮ್ಮೀನಾ ಅಂತ ಹೇಳೋಕೆ ಕೋರ್ (ಸಿಪಿಯು ಒಳಗೆ ಕೆಲಸ ಮಾಡೋ ಘಟಕ) ಎಷ್ಟಿದೆ ಗೊತ್ತಿರಬೇಕು, ಎನ್‌ಪ್ರಾಕ್ (nproc) ಅಂತ ಹೊಡೀರಿ, 8 ಬಂದ್ರೆ 6 ಏನೂ ಅಲ್ಲ, 2 ಬಂದ್ರೆ ಪಾಪ ಮಿಷನ್ ಒದ್ದಾಡ್ತಿದೆ.

ಈಗ ಅಸಲಿ ವಿಷಯ. ಲಿನಕ್ಸ್‌ಗೆ ಮಾದರಿಯಾದ ಹಳೇ ಯುನಿಕ್ಸ್‌ಗಳಲ್ಲಿ ಹೆಚ್ಚಾಗಿ ಸಿಪಿಯುಗೆ ಕಾಯೋರನ್ನ ಮಾತ್ರ ಎಣಿಸ್ತಿದ್ರು, ಲಿನಕ್ಸ್ (ನಿಮ್ಮ ಉಬುಂಟು ಅದರದ್ದೇ ಒಂದು ರೂಪ) 1993ರಿಂದ ಡಿಸ್ಕ್‌ಗೆ ಕಾಯ್ತಾ ಸಿಕ್ಕಾಕೊಂಡಿರೋ ಪ್ರೋಸೆಸ್‌ಗಳನ್ನೂ (ಓಡ್ತಿರೋ ಪ್ರೋಗ್ರಾಂಗಳನ್ನೂ) ಎಣಿಸುತ್ತೆ, ಹಂಗಾಗಿ ಸಿಪಿಯು ಸುಮ್ನೆ ಕೂತಿದ್ರೂ ಲೋಡ್ ಏರುತ್ತೆ. ಟಾಪ್‌ನ ಮೇಲಿನ ಸಾಲಲ್ಲಿ ಐಡಿ (id, ಸಿಪಿಯು ಖಾಲಿ ಇರೋ ಶೇಕಡಾ) ಪಕ್ಕ ಡಬ್ಲ್ಯುಎ (wa, ಡಿಸ್ಕ್‌ಗೆ ಕಾಯ್ತಿರೋ ಶೇಕಡಾ) ಅಂತಿರುತ್ತೆ, ಅದು 40–50 ತೋರಿಸ್ತಿದ್ರೆ, ಕೆಳಗಡೆ ಎಸ್ (S) ಕಾಲಮ್ಮಲ್ಲಿ ಡಿ (D, ಡಿಸ್ಕ್‌ಗೆ ಕಾಯ್ತಾ ಸಿಕ್ಕಾಕೊಂಡಿದೆ ಅಂತ) ಅಕ್ಷರ ಮತ್ತೆ ಮತ್ತೆ ಕಾಣ್ತಿದ್ರೆ ನನ್ನ ಅನುಮಾನ ಹಾರ್ಡ್‌ಡಿಸ್ಕ್ ಮೇಲೆ, ವೈರಸ್ ಮೇಲಲ್ಲ. (ಡಿ ಸ್ಥಿತೀಲಿರೋದನ್ನ ಕಿಲ್ ಮಾಡೋಕೆ (ಬಲವಂತವಾಗಿ ನಿಲ್ಲಿಸೋಕೆ) ಹೋಗ್ಬೇಡಿ, ಸಾಮಾನ್ಯವಾಗಿ ಅದು ಸಾಯಲ್ಲ.) ರ‍್ಯಾಮ್ ಸಾಲದೆ ಸ್ವಾಪ್ ಮಾಡ್ತಿದ್ರೂ (ಅದರಲ್ಲಿರೋದನ್ನ ಡಿಸ್ಕ್‌ಗೆ ಹಾಕಿ ತೆಗೆದು ಮಾಡ್ತಿದ್ರೂ) ಹೀಗೇ ಆಗುತ್ತೆ, ವಿಎಂಸ್ಟ್ಯಾಟ್ (vmstat) ಅಂತ ಹೊಡೆದು ಸ್ಪೇಸ್ ಬಿಟ್ಟು 1 ಹಾಕಿ, ಎಸ್‌ಐ, ಎಸ್‌ಓ (si, so) ಕಾಲಮ್ಮಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಒಂದೇ ಸಮ ಬರ್ತಿದ್ರೆ ರ‍್ಯಾಮ್ ಹಾಕ್ಸಿ. ಸೊನ್ನೇನೇ ಇದ್ರೆ ಡಿಸ್ಕ್, ಮೊದಲು ಬಿಲ್ಲಿಂಗ್ ಡೇಟಾ ಬೇರೆ ಕಡೆ ಕಾಪಿ ಮಾಡ್ಕೊಳಿ, ಸುಡೋ ಹಾಕಿ ಡಿಮೆಸೇಜ್ (sudo dmesg) ಓಡಿಸಿ ಐ/ಓ ಎರರ್ (ಡಿಸ್ಕ್ ಓದೋ ಬರೆಯೋದ್ರಲ್ಲಿ ತಪ್ಪು) ಇದ್ಯಾ ಅಂತ ಆಮೇಲೆ ನೋಡೋಣ.

63 ದಿನ ಅಂದ್ರಲ್ಲ, ಅಪ್‌ಟೈಮ್ ದೊಡ್ಡದಿದ್ರೆ ಹೆಮ್ಮೆ ಪಡೋರಿದ್ದಾರೆ, ನನಗಂತೂ ಅದು ಹೆಮ್ಮೆ ಅನ್ಸಲ್ಲ. ಅಪ್‌ಡೇಟ್‌ನಲ್ಲಿ ಬಂದ ಹೊಸ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ರೀಬೂಟ್ ಮಾಡೋವರೆಗೂ ಚಾಲ್ತಿಗೆ ಬರಲ್ಲ, ಬ್ಯಾಕಪ್ ಆದ್ಮೇಲೆ ಒಂದ್ಸಲ ಮಾಡಿ.

ಪ್ರಶ್ನೆ: ದಿನಾ ರಾತ್ರಿ ವಿಂಡೋಸ್ 10 ಲ್ಯಾಪ್‌ಟಾಪ್ ಶಟ್‌ಡೌನ್ ಮಾಡ್ತೀನಿ, ಆದ್ರೂ ಟಾಸ್ಕ್ ಮ್ಯಾನೇಜರಲ್ಲಿ ಅಪ್ ಟೈಮ್ 11 ದಿನ ಅಂತಿದೆ. ಹೆಂಗೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಫಾಸ್ಟ್ ಸ್ಟಾರ್ಟಪ್ ಮಹಿಮೆ, ವಿಂಡೋಸ್ 8ರಿಂದ ಬಂದಿದ್ದು. ಶಟ್‌ಡೌನ್ ಕೊಟ್ರೆ ನಿಮ್ಮ ಪ್ರೋಗ್ರಾಂಗಳೆಲ್ಲ ಮುಚ್ಚುತ್ತೆ ಆದ್ರೆ ಕರ್ನಲ್ ಭಾಗಾನ ಡಿಸ್ಕ್‌ನಲ್ಲಿ ಬರೆದಿಟ್ಟು ಬೆಳಗ್ಗೆ ಅದನ್ನೇ ಎತ್ಕೊಳುತ್ತೆ, ಹಾಗಾಗಿ ಲೆಕ್ಕ ಮುಂದುವರೀತಾ ಹೋಗುತ್ತೆ. ರೀಸ್ಟಾರ್ಟ್ ಕೊಡಿ, ಸೊನ್ನೆಗೆ ಬರುತ್ತೆ. ಕಮಾಂಡ್ ಪ್ರಾಂಪ್ಟಲ್ಲಿ ಸಿಸ್ಟಮ್‌ಇನ್ಫೋ ಹೊಡೆದ್ರೆ ಕೊನೇ ಸಲ ನಿಜವಾಗಿ ಬೂಟ್ ಆದ ತಾರೀಕೂ ಸಿಗುತ್ತೆ.