ಕುಳ್ಳಗಿರುವವರ ಸ್ಕರ್ಟಿಗೆ ಕತ್ತರಿ ಕೆಳಗಲ್ಲ, ಮೇಲೆ

ನೀವು ಎರಡು ಸಂಗತಿ ಕೇಳಿದ್ದೀರಿ. ನಿಮ್ಮ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ, ಕಚೇರಿಗೆ ಸ್ಕರ್ಟ್ ಹಾಕಿಕೊಳ್ಳುವ ಆಸೆ. ಆದರೆ ಕೆಳಗೆ ಎಷ್ಟು ಮಡಿಸಿ ಹೊಲಿಸಿದರೂ ಅಕ್ಕನ ಬಟ್ಟೆ ತೊಟ್ಟಂತೆ ಕಾಣುತ್ತದೆ, ಯಾವ ಬಗೆಯದು ಒಪ್ಪುತ್ತದೆ ಎಂಬುದು ಒಂದು. ಅಜ್ಜಿಯ ಇಳಕಲ್ ಸೀರೆಯಲ್ಲಿ ಉದ್ದ ಸ್ಕರ್ಟ್ ಹೊಲಿಸಬಹುದೇ ಎಂಬುದು ಇನ್ನೊಂದು. ಸೀರೆಗೆ ಕತ್ತರಿ ಹಾಕಿದರೆ ಹಾಕಿದಂತೆಯೇ, ಆದ್ದರಿಂದ ಆ ಮಾತು ಕೊನೆಗಿರಲಿ.

ನಾನು ನಿಮಗಿಂತ ಒಂದು ಅಂಗುಲ ಕಡಿಮೆ. ಚಿಕ್ಕವಳಿದ್ದಾಗ ಹಬ್ಬಕ್ಕೆ ಲಂಗ ಹೊಲಿಸಿದರೆ ಅಮ್ಮ ಕೆಳಗೆ ಮೂರು ಟಕ್ ಹಿಡಿಸುತ್ತಿದ್ದರು. ಮಗಳು ಬೆಳೆದ ಹಾಗೆ ವರ್ಷಕ್ಕೊಂದು ಬಿಚ್ಚಿದರೆ ಮೂರು ವರ್ಷ ಹೊಸ ಲಂಗದ ಖರ್ಚಿಲ್ಲ ಎಂಬ ಲೆಕ್ಕ. ಹನ್ನೆರಡನೆಯ ವಯಸ್ಸಿನಲ್ಲಿ ಹೊಲಿಸಿದ ಹಸಿರು ರೇಷ್ಮೆ ಲಂಗದ ಒಂದು ಟಕ್ ಬಿಚ್ಚಿದ್ದಾಯಿತು. ಇನ್ನೆರಡು ಇವತ್ತಿಗೂ ಹಾಗೆಯೇ ಇವೆ. ಮುಂದೆ ಬೆಂಗಳೂರಿನ ಒಂದು ಸಿದ್ಧ ಉಡುಪು ಕಾರ್ಖಾನೆಯ ಸ್ಯಾಂಪಲ್ ವಿಭಾಗದಲ್ಲಿ ಒಂಬತ್ತು ವರ್ಷ ಹೊಲಿದೆ. ಈಗ ಮನೆಯಲ್ಲಿಯೇ ಆಲ್ಟರೇಷನ್ ಮಾಡುತ್ತೇನೆ. ಹಾಗಾಗಿ ಸ್ಕರ್ಟನ್ನು ತೊಡುವವಳಾಗಿಯೂ ಬಿಚ್ಚುವವಳಾಗಿಯೂ ಬಲ್ಲೆ.

ನೀವು ಕೆಳಗೆ ಮಡಿಸಿ ಹೊಲಿಸುತ್ತಿದ್ದೀರಲ್ಲ, ತಪ್ಪು ಅಲ್ಲಿಲ್ಲ. ಸೊಂಟಕ್ಕೂ ಪೃಷ್ಠದ ಅತಿ ಅಗಲವಾದ ಜಾಗಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದರಲ್ಲಿದೆ. ಅಂಗಡಿಯ ಸ್ಕರ್ಟನ್ನು ಸಾಮಾನ್ಯವಾಗಿ ಐದು ಅಡಿ ಐದಾರು ಅಂಗುಲದ ಹೆಂಗಸನ್ನು ಮನಸ್ಸಿನಲ್ಲಿಟ್ಟು ಕತ್ತರಿಸುತ್ತಾರೆ. ಆಕೆಗೆ ಆ ಅಂತರ ಎಂಟು ಅಂಗುಲ, ಕೆಲವೊಮ್ಮೆ ಎಂಟೂವರೆ. ನಮ್ಮಂಥವರಿಗೆ ಏಳು, ಹೆಚ್ಚೆಂದರೆ ಏಳೂಕಾಲು. ಈ ಒಂದು ಅಂಗುಲದ ವ್ಯತ್ಯಾಸ ಏನು ಮಾಡುತ್ತದೆ ನೋಡಿ. ಸ್ಕರ್ಟ್ ಎಲ್ಲಿ ಅಗಲವಾಗಬೇಕೆಂದುಕೊಂಡಿದೆಯೋ ಅಲ್ಲಿ ನಿಮ್ಮ ಮೈ ಆಗಲೇ ತೊಡೆಯ ಕಡೆಗೆ ಇಳಿಯತೊಡಗಿರುತ್ತದೆ. ನೀವು ಅಗಲವಾಗಿರುವ ಜಾಗದಲ್ಲಿ ಸ್ಕರ್ಟ್ ಇನ್ನೂ ಕಿರಿದಾಗಿರುತ್ತದೆ. ಹಾಗಾಗಿ ಬಟ್ಟೆ ಮೇಲಕ್ಕೆ ಸರಿದು ಸ್ಕರ್ಟಿನ ಸೊಂಟಪಟ್ಟಿ, ಅಂದರೆ ಬೆಲ್ಟಿನ ಕೆಳಗೆ ಅಡ್ಡ ಸುಕ್ಕಾಗಿ ಕೂರುತ್ತದೆ, ಪಕ್ಕದ ಹೊಲಿಗೆಯಲ್ಲಿ ಖಾಲಿ ಚೀಲದಂತೆ ಉಬ್ಬುತ್ತದೆ. ಕೆಳಗಿನಿಂದ ಹತ್ತು ಅಂಗುಲ ಕತ್ತರಿಸಿದರೂ ಆ ಸುಕ್ಕು ಹೋಗುವುದಿಲ್ಲ. ಅಕ್ಕನ ಬಟ್ಟೆಯಂತೆ ಕಾಣುವುದು ಇದರಿಂದಲೇ.

ಇದರಲ್ಲಿ ನಿಮ್ಮ ಮೈಯ ದೋಷವೇನೂ ಇಲ್ಲ. ಅಮೆರಿಕದ ಲೆಕ್ಕದಲ್ಲಿ ಐದು ಅಡಿ ನಾಲ್ಕು ಅಂಗುಲ ಮತ್ತು ಅದಕ್ಕಿಂತ ಕೆಳಗಿನವರೆಲ್ಲ ‘ಪೆಟೀಟ್’. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದು ಅಡಿಯ ಆಸುಪಾಸು. ಆ ಅಳತೆ ಹಿಡಿದರೆ ನಮ್ಮ ಬಸ್ಸಿನ ಹೆಂಗಸರ ಸೀಟುಗಳಲ್ಲಿ ಕುಳಿತ ಬಹುಪಾಲು ಎಲ್ಲರೂ ಪೆಟೀಟ್! ನ್ಯೂಯಾರ್ಕಿನ ವಿನ್ಯಾಸಕಿ ಹ್ಯಾನಾ ಟ್ರಾಯ್ 1940ರ ದಶಕದಲ್ಲಿ ಈ ಅಳತೆಯನ್ನು ಬಳಕೆಗೆ ತಂದಾಗಲೂ ಆಕೆ ಹಿಡಿದದ್ದು ಅಂಚಿನ ಉದ್ದವನ್ನಲ್ಲ, ಮೈಯ ಮೇಲ್ಭಾಗ ಗಿಡ್ಡವಾಗಿರುವುದನ್ನು. ನಮ್ಮಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಭಾರತೀಯರದೇ ಅಳತೆಪಟ್ಟಿ ಮಾಡಲು ಇಪ್ಪತ್ತೈದು ಸಾವಿರ ಜನರ ಮೈಯನ್ನು ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಹಾಕಿಕೊಂಡಿತು. ಅದರ ಫಲ ನಮ್ಮ ಬೀದಿಯ ಅಂಗಡಿಗೆ ಬರುವವರೆಗೆ ಟೇಪು ನಮ್ಮ ಕೈಯಲ್ಲಿರಬೇಕು.

ಮೊದಲು ಸೊಂಟ ಎಲ್ಲಿದೆ ಎಂದು ಕಂಡುಕೊಳ್ಳಿ. ಒಂದು ತೆಳು ಎಲಾಸ್ಟಿಕ್ಕನ್ನು ಹೊಟ್ಟೆಯ ಸುತ್ತ ಕಟ್ಟಿ ಎಡಕ್ಕೂ ಬಲಕ್ಕೂ ನಾಲ್ಕು ಸಲ ಬಾಗಿ. ಅದು ತಾನಾಗಿ ಹೋಗಿ ಕೂರುವ ಜಾಗವೇ ನಿಮ್ಮ ಸೊಂಟ. ಹೊಕ್ಕುಳಿಗಿಂತ ಮೇಲೆಯೇ ಇರಬಹುದು, ಗಾಬರಿಯಾಗಬೇಡಿ. ಅಲ್ಲಿಂದ ಪೃಷ್ಠದ ಅಗಲವಾದ ಜಾಗಕ್ಕೆ, ಮಂಡಿಗೆ, ನೆಲಕ್ಕೆ ಎಷ್ಟಿದೆ ಎಂದು ಬೇರೆಯವರ ಕೈಯಲ್ಲಿ ಅಳೆಸಿಕೊಂಡು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ನೀವೇ ಬಗ್ಗಿ ಅಳೆದುಕೊಂಡರೆ ಒಂದು ಅಂಗುಲ ಸುಳ್ಳಾಗುತ್ತದೆ.

ಅಂಗಡಿಯ ಟ್ರಯಲ್ ಕೋಣೆಯಲ್ಲಿ ಕನ್ನಡಿಗೆ ಮುಖ ಮಾಡಿ ನಿಂತು ಹಿಗ್ಗುವುದರಿಂದ ಪ್ರಯೋಜನವಿಲ್ಲ. ಪಕ್ಕಕ್ಕೆ ತಿರುಗಿ. ಬೆಲ್ಟಿನ ಕೆಳಗೆ ಬಟ್ಟೆಯನ್ನು ಎರಡು ಬೆರಳಿನಿಂದ ಹಿಡಿಯಿರಿ. ಅಡ್ಡಲಾಗಿ ಒಂದು ಮಡಿಕೆ ಕೈಗೆ ಬಂದರೆ ಆ ಸ್ಕರ್ಟ್ ಮೇಲಿನಿಂದ ಉದ್ದ. ಆಮೇಲೆ ಕುಳಿತು ಏಳಿ. ಎದ್ದಾಗ ಅದು ತಾನಾಗಿ ಕೆಳಗಿಳಿಯದೆ ನೀವು ಎಳೆದುಕೊಳ್ಳಬೇಕಾದರೆ ಕಚೇರಿಯಲ್ಲಿ ಇಡೀ ದಿನ ಅದೇ ಕೆಲಸವಾಗುತ್ತದೆ. ಜೇಬಿದ್ದರೆ ಕೈ ಹಾಕಿ ನೋಡಿ. ನಮ್ಮ ಎತ್ತರಕ್ಕೆ ಜೇಬಿನ ಬಾಯಿ ತೊಡೆಯ ಹತ್ತಿರ ಬಂದು ಅಲ್ಲೊಂದು ಗಂಟು ಮಾಡುತ್ತದೆ. ಅಂಥದ್ದರ ಬಾಯಿಯನ್ನು ನಾನು ಮುಲಾಜಿಲ್ಲದೆ ಹೊಲಿದುಬಿಡುತ್ತೇನೆ.

ಸ್ಕರ್ಟ್ ಇಷ್ಟವಾಯಿತು, ಆದರೆ ಮೇಲೆ ಮಡಿಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಟೈಲರಿಗೆ “ಗಿಡ್ಡ ಮಾಡಿಕೊಡಿ” ಎಂದರೆ ಅವರು ಕೆಳಗೆ ಮಡಿಸುತ್ತಾರೆ. “ಬೆಲ್ಟ್ ಬಿಚ್ಚಿ ಮೇಲಿನಿಂದ ಒಂದು ಅಂಗುಲ ತೆಗೆಯಿರಿ, ಡಾರ್ಟನ್ನೂ ಪಕ್ಕವನ್ನೂ ಸರಿಮಾಡಿ, ಜಿಪ್ಪನ್ನು ಕೆಳಗಿಳಿಸಿ” ಎಂದು ಬಿಡಿಸಿ ಹೇಳಬೇಕು. ಮೇಲಿನಿಂದ ಕತ್ತರಿಸಿದರೆ ಸೊಂಟದ ಸುತ್ತಳತೆ ದೊಡ್ಡದಾಗುತ್ತದೆ, ಅದನ್ನು ಡಾರ್ಟಿನಲ್ಲಿಯೂ (ಸೊಂಟದ ಬಳಿ ಹಿಡಿದು ಹೊಲಿಯುವ ಚೂಪು ಮಡಿಕೆ) ಪಕ್ಕದ ಹೊಲಿಗೆಯಲ್ಲಿಯೂ ನುಂಗಿಸಬೇಕು. ಕೆಳಗೆ ಮಡಿಸುವುದಕ್ಕಿಂತ ಮೂರು ಪಟ್ಟು ಕೆಲಸ. ಬಹಳ ಮಂದಿ ಟೈಲರುಗಳು “ಏನೂ ಗೊತ್ತಾಗುವುದಿಲ್ಲ ಮೇಡಂ, ಕೆಳಗೇ ಮಾಡೋಣ” ಎನ್ನುತ್ತಾರೆ. ಗೊತ್ತಾಗುತ್ತದೆ! ಕೂಲಿ ಹೆಚ್ಚು ಕೊಡುತ್ತೇನೆಂದು ಮೊದಲೇ ಹೇಳಿ. ನಮ್ಮ ಕಸುಬಿನವರು ಅರ್ಧ ಬಗ್ಗುವುದು ಅಲ್ಲಿಯೇ. ಆದರೆ ನಾಲ್ಕು ಅಂಗುಲ ಉದ್ದವಿದ್ದರೆ ನಾಲ್ಕನ್ನೂ ಮೇಲಿನಿಂದ ತೆಗೆಯಲು ಬರುವುದಿಲ್ಲ. ಮೇಲೆ ಒಂದು, ಹೆಚ್ಚೆಂದರೆ ಒಂದೂವರೆ, ಮಿಕ್ಕಿದ್ದು ಕೆಳಗೆ.

ಇದರಲ್ಲಿ ಎರಡು ಅಪವಾದಗಳಿವೆ. ಶಾಖದಿಂದ ಕೂರಿಸಿದ ಸಣ್ಣ ನೆರಿಗೆಯ ಪಾಲಿಯೆಸ್ಟರ್ ಸ್ಕರ್ಟಿನ ಅಂಚನ್ನು ಮುಟ್ಟಲೇಬಾರದು, ನೆರಿಗೆ ಮತ್ತೆ ಹಾಗೆ ಕೂರುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ಎಲಾಸ್ಟಿಕ್ ಸೊಂಟವಿರುವುದರಿಂದ ಅಷ್ಟನ್ನೂ ಮೇಲಿನಿಂದಲೇ ತೆಗೆಯಬಹುದು. ಕಾಲಿಗೆ ಅಂಟಿದಂತಿರುವ ಪೆನ್ಸಿಲ್ ಸ್ಕರ್ಟಿನದು ಬೇರೆ ತೊಂದರೆ. ಅದರ ಹಿಂದಿನ ಸೀಳು ಆರು ಅಂಗುಲವಿದ್ದು, ಕೆಳಗಿನಿಂದ ನಾಲ್ಕು ಕತ್ತರಿಸಿದರೆ ಉಳಿಯುವುದು ಎರಡು. ನಾನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಂಥದ್ದೊಂದನ್ನು ತೊಟ್ಟು ಬಸ್ಸಿನ ಮೊದಲ ಮೆಟ್ಟಿಲು ಹತ್ತಲಾರದೆ ನಿಂತೆ. ಹಿಂದಿನಿಂದ ಒಬ್ಬ ಅಜ್ಜಿ “ಹತ್ತಮ್ಮ, ಹತ್ತು” ಎಂದು ತಳ್ಳಿದರು. ಸೀಳು ತಾನೇ ದಾರಿ ಮಾಡಿಕೊಂಡಿತು. ಅಂದಿನ ಕಂಡಕ್ಟರನ್ನು ಮತ್ತೆ ನೋಡಬಾರದೆಂದು ಒಂದು ತಿಂಗಳು ಬೇರೆ ಬಸ್ಸಿಗೆ ಹೋಗುತ್ತಿದ್ದೆ. ಪೆನ್ಸಿಲ್ ಬೇಕೆನಿಸಿದರೆ ಹೊಲಿಸಿಯೇ ಹಾಕಿಕೊಳ್ಳಿ.

ಇನ್ನು ಉದ್ದ. ನಿಮ್ಮ ಎತ್ತರದವರಿಗೆ ಸೊಂಟದಿಂದ ಮಂಡಿಗೆ ಸುಮಾರು ಇಪ್ಪತ್ತು ಅಂಗುಲ, ನೆಲಕ್ಕೆ ಮೂವತ್ತಾರು ಚಿಲ್ಲರೆ. ಮೀನಖಂಡ ಅತಿ ದಪ್ಪವಾಗಿರುವುದು ಇಪ್ಪತ್ತನಾಲ್ಕು ಇಪ್ಪತ್ತೈದರ ಹತ್ತಿರ. ಅಂಚು ಸರಿಯಾಗಿ ಅಲ್ಲಿ ನಿಂತರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ, ಕಾಲು ಗಿಡ್ಡವಾಗಿಯೂ ದಪ್ಪವಾಗಿಯೂ ಕಾಣುತ್ತದೆ. ಅದಕ್ಕಿಂತ ಮೇಲೆ, ಮಂಡಿ ದಾಟಿ ಕಾಲು ಒಳಕ್ಕೆ ಸರಿಯುವಲ್ಲಿ ನಿಲ್ಲಿಸಿ. ಇಲ್ಲವೇ ಪೂರ್ತಿ ಕೆಳಗೆ, ಹಿಮ್ಮಡಿಯ ಮೇಲೆ ಕಾಲು ಸಣ್ಣಗಾಗುವ ಕಡೆ ನಿಲ್ಲಿಸಿ. ಕಚೇರಿಗೆ ಇಪ್ಪತ್ತೆರಡು ಇಪ್ಪತ್ತೆರಡೂವರೆ ಅಂಗುಲ ನನಗೆ ಅಚ್ಚುಮೆಚ್ಚು. ಮಾದರಿ ಹುಡುಗಿಗೆ ಮೀನಖಂಡದ ಕೆಳಗೆ ಬರುವ ಮೂವತ್ತು ಅಂಗುಲದ ಮಿಡಿ ನಮಗೆ ಹಿಮ್ಮಡಿಯ ಹತ್ತಿರ ಬರುತ್ತದೆ. ಅದು ನಮಗೆ ನಷ್ಟವೇನಲ್ಲ, ಉದ್ದ ಸ್ಕರ್ಟಿನ ಬದಲು ಅದನ್ನೇ ಕೊಂಡುಕೊಳ್ಳಬಹುದು. ಉದ್ದ ಗುರುತು ಹಾಕಿಸುವ ದಿನ ಮಾತ್ರ ನಿತ್ಯ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ.

ಬಗೆಯ ವಿಚಾರಕ್ಕೆ ಬಂದರೆ, ಸೊಂಟದಿಂದ ಕೆಳಗೆ ನಿಧಾನವಾಗಿ ಅಗಲವಾಗುವ ಎ-ಲೈನ್ ಎಲ್ಲರಿಗೂ ಹೇಳುವ ಉತ್ತರ, ಸರಿಯಾದ ಉತ್ತರವೂ ಹೌದು. ನನ್ನ ಮನಸ್ಸು ಆರು ಪೀಸಿನ ಸ್ಕರ್ಟಿನ ಕಡೆಗೆ. ನಮ್ಮ ಸೀರೆಯ ಒಳಲಂಗವನ್ನು ನೆನಪಿಸಿಕೊಳ್ಳಿ: ಮೇಲೆ ಕಿರಿದು ಕೆಳಗೆ ಅಗಲವಾದ ಆರು ತುಂಡುಗಳನ್ನು ಜೋಡಿಸಿದ್ದು. ಆ ಉದ್ದುದ್ದ ಹೊಲಿಗೆಗಳು ಕಣ್ಣನ್ನು ಮೇಲಿನಿಂದ ಕೆಳಕ್ಕೆ ಒಯ್ಯುತ್ತವೆ, ಸೊಂಟದಲ್ಲಿ ಒಂದು ಎಳೆ ಬಟ್ಟೆಯೂ ದಂಡವಾಗಿ ನಿಲ್ಲುವುದಿಲ್ಲ. ಆಲ್ಟರೇಷನ್ನಿಗೂ ಸುಲಭ, ಆರು ಕಡೆ ಚೂರುಚೂರು ಹಿಡಿಯಬಹುದು. ಬಟ್ಟೆಯನ್ನು ಪೂರ್ತಿ ವೃತ್ತವಾಗಿ ಕತ್ತರಿಸುವ ಪೂರ್ತಿ ಛತ್ರಿ ಬೇಡ, ನಾವು ಗಂಟೆಯಂತೆ ಕಾಣುತ್ತೇವೆ. ಅರ್ಧ ವೃತ್ತದ ಅರ್ಧ ಛತ್ರಿ ಸಾಕು. ಇಪ್ಪತ್ತೆಂಟು ಅಂಗುಲ ಸೊಂಟ, ಇಪ್ಪತ್ತೆರಡು ಉದ್ದವಾದರೆ ನಲವತ್ತನಾಲ್ಕು ಅಂಗುಲ ಅಗಲದ ಬಟ್ಟೆ ಒಂದೂಮುಕ್ಕಾಲು ಮೀಟರಿನಲ್ಲಿ ಬೆಲ್ಟಿನ ಸಮೇತ ಮುಗಿಯುತ್ತದೆ. ಉದ್ದನೆಯವರಿಗೆ ಈ ಭಾಗ್ಯವಿಲ್ಲ.

ಬೆಲ್ಟ್ ಒಂದೂಕಾಲು ಅಂಗುಲಕ್ಕಿಂತ ಅಗಲ ಬೇಡ. ನಮ್ಮ ಎದೆಗೂ ಸೊಂಟಕ್ಕೂ ನಡುವೆ ಇರುವ ಜಾಗವೇ ಸ್ವಲ್ಪ. ಮೂರು ಅಂಗುಲದ ಬೆಲ್ಟ್ ಅದನ್ನೂ ಕಬಳಿಸುತ್ತದೆ. ಸುತ್ತ ಎಲಾಸ್ಟಿಕ್ ಇದ್ದರೆ ದಪ್ಪ, ಮುಂದೆ ಚಪ್ಪಟೆ ಹಿಂದೆ ಎಲಾಸ್ಟಿಕ್ ಇದ್ದರೆ ಆರಾಮ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸ್ಕರ್ಟುಗಳನ್ನು ನಾನು ತಪ್ಪಿಸುತ್ತೇನೆ, ಪ್ರತಿ ಮೆಟ್ಟಿಲೂ ಒಂದು ಅಡ್ಡಗೆರೆ. (ನನ್ನ ಹಸಿರು ಲಂಗದ ಆ ಎರಡು ಟಕ್ಕುಗಳೂ ಅದೇ ಕೆಲಸ ಮಾಡುತ್ತಿದ್ದವು ಎಂದು ಈಗ ತಿಳಿಯುತ್ತದೆ.) ಮೇಲಿನ ಅಂಗಿಯನ್ನು ಒಳಗೆ ಸೇರಿಸಿಕೊಳ್ಳಿ, ಇಲ್ಲವೇ ಸೊಂಟಕ್ಕೇ ಮುಗಿಯುವಂಥದ್ದು ಹಾಕಿ, ಪೃಷ್ಠದವರೆಗೆ ಇಳಿಬಿಟ್ಟರೆ ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬಟ್ಟೆ ಬೀಳುವಂಥದ್ದಿರಲಿ: ರೇಯಾನ್, ಕ್ರೇಪ್, ಒಗೆದು ಮೆತ್ತಗಾದ ಹತ್ತಿ. ಗಂಜಿ ಹಾಕಿದ ಬಿರುಸು ಹತ್ತಿ ಮೈಯಿಂದ ದೂರ ನಿಂತು ಅಗಲ ಮಾಡುತ್ತದೆ. ಹತ್ತಿಯೂ ರೇಯಾನೂ ಮೊದಲ ಒಗೆತದಲ್ಲಿ ಕುಗ್ಗುವ ಬಟ್ಟೆಗಳು, ಆದ್ದರಿಂದ ಹೊಲಿಸುವ ಮೊದಲೇ ನೀರಿಗೆ ಹಾಕಿ ಒಣಗಿಸಿ ಕೊಡಿ. ಉದ್ದನೆಯವರಿಗೆ ಒಂದು ಅಂಗುಲ ಹೋದರೆ ಲೆಕ್ಕಕ್ಕಿಲ್ಲ. ನಮಗೆ ಅಂಚು ಮಂಡಿಯ ಕೆಳಗಿನಿಂದ ನೇರ ಮಂಡಿಯ ಮೇಲೆ ಬರುತ್ತದೆ.

ಈಗ ಅಜ್ಜಿಯ ಸೀರೆ. ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮಡಿಕೆಯ ಗೆರೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಸಾಲಾಗಿ ತೂರಿಬಂದರೆ ನೂಲು ಸೋತಿದೆ. ಸ್ಕರ್ಟಿನ ಎಳೆತ ತಾಳುವುದಿಲ್ಲ, ಹಾಗೆಯೇ ಮಡಿಸಿಡಿ. ಗಟ್ಟಿಯಾಗಿದ್ದರೆ, ಎಲ್ಲರೂ ಮಾಡುವಂತೆ ಅಂಚನ್ನು ಕೆಳಗಿಟ್ಟು ಸೊಂಟದಲ್ಲಿ ಸುರುಕು ಹಿಡಿಸಬೇಡಿ. ನಾಲ್ಕು ಅಂಗುಲದ ಗೋಮಿ ಅಂಚು ಅಜ್ಜಿಯ ಸೀರೆಯ ಮೇಲೆ ಚೆಂದ. ಮೂವತ್ತೈದು ಅಂಗುಲದ ಸ್ಕರ್ಟಿನ ಕೆಳಗೆ ಅದು ಸ್ಕರ್ಟಿನ ಒಂಬತ್ತನೆಯ ಒಂದು ಪಾಲನ್ನು ಕತ್ತರಿಸಿ ಕೆಳಗಿಟ್ಟಂತೆ ಕಾಣುತ್ತದೆ. ಸೀರೆಯನ್ನು ಅಡ್ಡ ತಿರುಗಿಸಿ. ಸೀರೆಯ ಉದ್ದವೇ ಸ್ಕರ್ಟಿನ ಉದ್ದವಾಗಲಿ, ಆಗ ಅಂಚು ನೆಟ್ಟಗೆ ನಿಲ್ಲುತ್ತದೆ. ಸೆರಗಿಲ್ಲದ ತುದಿಯಿಂದ ಮೂವತ್ತೆಂಟು ಅಂಗುಲದ ಎರಡು ತುಂಡು ತೆಗೆದು, ಒಂದರ ಪಕ್ಕ ಒಂದು ಜೋಡಿಸಿ, ಮುಂದೆ ಒಂದರ ಮೇಲೊಂದು ಬರುವ ಸುತ್ತು ಸ್ಕರ್ಟ್ ಮಾಡಿಸಿ. ಮೇಲೆ ಬರುವ ಪದರಿನ ತುದಿಗೆ ಆ ಕೆಂಪು ಅಂಚು ಸೊಂಟದಿಂದ ಪಾದದವರೆಗೆ ಒಂದೇ ಗೆರೆಯಾಗಿ ಇಳಿಯುತ್ತದೆ. ಜೋಡಣೆಯಲ್ಲಿ ಬರುವ ಅಂಚುಗಳನ್ನು ಒಳಕ್ಕೆ ಮುಚ್ಚಿಬಿಡಬಹುದು. ಹೆಚ್ಚಾದ ಅಗಲವನ್ನು ಹಿಂದುಗಡೆ ನೆರಿಗೆ ಮಾಡಿ ಮೇಲಿನ ಐದು ಅಂಗುಲ ಅದುಮಿ ಹೊಲಿಸಿ. ಒಳಗೆ ತೆಳು ಹತ್ತಿ ಲೈನಿಂಗ್ ಇರಲಿ, ಎಳೆತವನ್ನು ಅದು ಹೊರುತ್ತದೆ.

ಇದಕ್ಕೆ ಹೋಗುವುದು ಎರಡು ಮೀಟರಿನಷ್ಟು ಬಟ್ಟೆ. ಟೋಪಿ ತೆನೆಯ ಸೆರಗಿನ ಕಡೆಗೆ ಕತ್ತರಿ ಒಯ್ಯಬೇಡಿ. ಮಿಕ್ಕ ಮೂರು ಮೀಟರಿನ ಜೊತೆ ಅದು ಹಾಗೆಯೇ ಇರಲಿ, ಚಳಿಗಾಲದಲ್ಲಿ ಹೊದ್ದುಕೊಳ್ಳಲು ಆಗುತ್ತದೆ. ಟೈಲರಿಗೆ ಸೀರೆ ಕೊಡುವ ಮೊದಲು ಹಳೆಯ ಬೆಡ್‌ಶೀಟೊಂದರಲ್ಲಿ ಇದೇ ಅಳತೆಗೆ ಒಂದನ್ನು ಕಚ್ಚಾ ಹೊಲಿಗೆಯಲ್ಲಿ ಹೊಲಿಸಿ ನೋಡಿ. ಬೆಲ್ಟಿನ ಕೆಳಗೆ ಆ ಅಡ್ಡ ಮಡಿಕೆ ಬಂತೇ ಇಲ್ಲವೇ ಎಂದು ಇಲ್ಲಿಯೇ ಬರೆಯಿರಿ, ಬಂದಿದ್ದರೆ ಎಷ್ಟು ತೆಗೆಯಬೇಕೆಂದು ಹೇಳುತ್ತೇನೆ.