ಮಾಗಿ ಚಳಿಯಲ್ಲೂ ಬೆವರು

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಸುಮಿತ್ರಾ ಅವರಿಗೆ 47 ವರ್ಷ. ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟದ ಮನೆ. ಜನವರಿಯ ಕೊಯ್ಲಿನ ಗಡಿಬಿಡಿ ಬಿಟ್ಟು, ಬಸ್ ಹತ್ತಿ ಚಿಕ್ಕಮಗಳೂರಿಗೆ, ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಆಡಿದ ಮೊದಲ ಮಾತು: "ಮೇಡಂ, ನಂಗೆ ಹುಚ್ಚು ಹಿಡೀತಿದೆಯಾ ನೋಡಿ."

ಹೇಳುತ್ತಿದ್ದಂತೆಯೇ ಅವರ ಕುತ್ತಿಗೆ ಕೆಂಪಾಯಿತು. ಹಣೆ ಮೇಲೆ ಬೆವರು ಮೂಡಿತು. ಸೆರಗಿನಿಂದ ಗಾಳಿ ಹಾಕಿಕೊಂಡರು. ನಾಲ್ಕು ನಿಮಿಷ ಕಳೆದಿರಬೇಕು, ಅದೇ ಸೆರಗು ಹೊದ್ದು ನಡುಗತೊಡಗಿದರು. "ನೋಡಿ, ಇದೇ" ಅಂದರು.

ರಾತ್ರಿ ಎರಡು, ಮೂರು ಸಲ ಹೀಗಾಗುತ್ತದಂತೆ. ಎದ್ದು ಕಿಟಕಿ ತೆಗೆಯುತ್ತಾರೆ. ಗಂಡ ಚಳಿಗೆ ಎದ್ದು ಮುಚ್ಚುತ್ತಾರೆ. ಆಮೇಲೆ ಜಗಳ. ನಿದ್ದೆಯಿಲ್ಲದೆ ಬೆಳಗ್ಗೆ ಆಳುಗಳ ಮೇಲೆ, ಮಗಳ ಮೇಲೆ ರೇಗಾಟ. ಕಾಫಿ ಮೂಟೆ ಎಷ್ಟು ಬಂತು ಅಂತ ಲೆಕ್ಕ ಬರೆಯಲು ಕೂತರೆ ನಡುವೆ ಮರೆತುಹೋಗುತ್ತದೆ. ಮುಟ್ಟು ಒಮ್ಮೆ ಎರಡು ತಿಂಗಳಿಗೆ ಬಂದರೆ, ಇನ್ನೊಮ್ಮೆ ಇಪ್ಪತ್ತು ದಿನಕ್ಕೇ. ಈಚೆಗೆ ಅವರು ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು. ಸೇರಿದಾಗ ಉರಿ, ನೋವು. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಅರ್ಧ ಗಂಟೆ ಬೇಕಾಯಿತು. ಗಂಡ ಮಾತ್ರ "ಇವಳಿಗೆ ನಾನು ಬೇಡವಾದೆ" ಅಂದುಕೊಂಡಿದ್ದರು.

ಸಾಯಬೇಕು ಅನ್ನಿಸಿತ್ತಾ ಎಂದು ನೇರವಾಗಿ ಕೇಳಿದೆ. ಇಲ್ಲ, ಎಲ್ಲಾದರೂ ಓಡಿಹೋಗಬೇಕು ಅನ್ನಿಸುತ್ತದೆ ಅಂದರು. ಅತ್ತರು. ಅಳಲು ಬಿಟ್ಟೆ.

ಆಮೇಲೆ ಹೇಳಿದೆ: ಇದು ಹುಚ್ಚಲ್ಲ. ಮುಟ್ಟು ನಿಲ್ಲುವ ಕಾಲ ಹತ್ತಿರ ಬಂದಂತಿದೆ. ಹೆಚ್ಚಿನ ಹೆಂಗಸರಿಗೆ 45ರಿಂದ 55ರ ನಡುವೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಎಂಬ ಹಾರ್ಮೋನು ಏರುಪೇರಾಗುತ್ತದೆ. ಮೈಯ ಬಿಸಿ ನೋಡಿಕೊಳ್ಳುವ ಮೆದುಳಿನ ಭಾಗ ಆಗ ಸ್ವಲ್ಪ ಬಿಸಿಗೂ ಗಾಬರಿಬಿದ್ದು ಬೆವರು ಹರಿಸುತ್ತದೆ. ನಿದ್ದೆ, ಮನಸ್ಸು, ನೆನಪು ಎಲ್ಲಕ್ಕೂ ಅದರ ಪೆಟ್ಟು. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಎಂದು ಲೆಕ್ಕ. ಅಲ್ಲಿಯತನಕ ಬಸಿರಾಗುವ ಸಾಧ್ಯತೆಯೂ ಇದೆ.

"ನಾದಿನಿ ಗರ್ಭಕೋಶ ತೆಗೆಸಿಬಿಡು ಅಂತಾಳೆ ಮೇಡಂ. ಎಲ್ಲ ಸಮಸ್ಯೆ ಒಂದೇ ಸಲ ಮುಗಿಯುತ್ತಂತೆ."

ನನಗೆ ಸಂಕಟವಾಗುವುದು ಇಲ್ಲೇ. ನಮ್ಮ ಕಡೆ ಎಷ್ಟು ಸಲೀಸಾಗಿ ಈ ಮಾತು ಆಡಿಬಿಡುತ್ತಾರೆ! ಗರ್ಭಕೋಶ ತೆಗೆದರೆ ರಕ್ತ ಹೋಗುವುದು ನಿಲ್ಲುತ್ತದೆ, ಮೈ ಬಿಸಿಯೇರುವುದು ನಿಲ್ಲುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಹಾರ್ಮೋನು ಒಮ್ಮೆಲೇ ಇಳಿದು ಈಗಿನ ಕಷ್ಟ ಇನ್ನೂ ಜಾಸ್ತಿಯಾಗಬಹುದು. ಆಪರೇಷನ್ ಬೇಕಾಗುವ ಕಾಯಿಲೆಗಳಿವೆ, ನಿಜ. ಅದನ್ನು ಪರೀಕ್ಷೆ ಮಾಡಿ ವೈದ್ಯರು ಹೇಳಬೇಕು. ಹೇಳಿದರೂ ಇನ್ನೊಬ್ಬ ವೈದ್ಯರನ್ನು ಕೇಳಿ ಅಂದೆ.

ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿಪಿ, ಶುಗರ್ ನೋಡಿಸಲು ಹೇಳಿದೆ, ಯಾಕಂದರೆ ಥೈರಾಯ್ಡ್ ಹೆಚ್ಚುಕಡಿಮೆಯಾದರೂ ಹೀಗೇ ಬೆವರು, ಸುಸ್ತು ಬರಬಹುದು. ಬಿಸಿ ತಡೆಯಲಾಗದಷ್ಟಿದ್ದರೆ ಹಾರ್ಮೋನು ಚಿಕಿತ್ಸೆ ಇದೆ. ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ್ದ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ, ಅದಕ್ಕೆ ಹಳೆಯದೆಲ್ಲ ಮುಚ್ಚಿಡದೆ ಹೇಳಬೇಕು. ಉರಿ, ನೋವಿಗೆ ಹಚ್ಚುವ ಜೆಲ್, ಕ್ರೀಮು ಸಿಗುತ್ತವೆ. ನಾಚಿಕೆ ಬಿಟ್ಟು ಕೇಳಿ ಅಂದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು, 40ಕ್ಕೆ ಮೊದಲೇ ಮುಟ್ಟು ನಿಂತರೂ ಅಷ್ಟೇ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದು ನೋಟ್‌ಬುಕ್ ಇಡಿಸಿದೆ. ಬಿಸಿ ಏರಿದ ಹೊತ್ತು, ಅದಕ್ಕೆ ಮುಂಚೆ ತಿಂದದ್ದು, ಕುಡಿದದ್ದು ಬರೆಯಬೇಕು. ಎರಡು ವಾರದಲ್ಲಿ ಅವರೇ ಕಂಡುಕೊಂಡರು, ಸಂಜೆಯ ಎರಡನೇ ಲೋಟ ಕಾಫಿ ಕುಡಿದ ರಾತ್ರಿಯೇ ಕಾಟ ಹೆಚ್ಚು. ತೋಟದ ಮನೆಯವರಿಗೆ ಕಾಫಿ ಬಿಡಿ ಅನ್ನುವುದು ಸುಲಭವಲ್ಲ. ಅವರು ಬೆಳಗಿನದ್ದು ಇಟ್ಟುಕೊಂಡು ಸಂಜೆಯದ್ದನ್ನು ಬಿಟ್ಟರು.

ಎರಡನೇ ಸಲ ಗಂಡನನ್ನೂ ಕರೆಸಿದೆ. ಹೆಂಡತಿಯ ಎದುರೇ ಎಲ್ಲ ವಿವರಿಸಿದೆ. ಅವರು ತುಂಬಾ ಹೊತ್ತು ನೆಲ ನೋಡುತ್ತಾ ಕೂತಿದ್ದರು. "ನನ್ನ ಮೇಲಿನ ಸಿಟ್ಟು ಅಂದ್ಕೊಂಡಿದ್ದೆ ಮೇಡಂ" ಅಂದರು. ಅವರಿಗೆ ಕೊಟ್ಟ ಕೆಲಸ ಒಂದೇ: ರಾತ್ರಿ ಎದ್ದಾಗ "ಎಂತ ಆಯ್ತು?" ಅಂತ ಗದರದೆ, "ನೀರು ಕೊಡ್ಲಾ?" ಅಂತ ಕೇಳುವುದು. ಕಿಟಕಿ ಪಕ್ಕ ಅವರು ಮಲಗಲಿ, ನೀವು ಇನ್ನೊಂದು ಕಂಬಳಿ ತಗೊಳ್ಳಿ ಅಂದೆ.

ಮಾರ್ಚ್‌ನಲ್ಲಿ ಸುಮಿತ್ರಾ ಮತ್ತೆ ಬಂದರು. ಥೈರಾಯ್ಡ್ ಸರಿಯಿತ್ತು, ರಕ್ತ ಕಡಿಮೆಯಿತ್ತು, ಕಬ್ಬಿಣದ ಮಾತ್ರೆ ಶುರುವಾಗಿತ್ತು. ಬಿಸಿ ಪೂರ್ತಿ ಹೋಗಿಲ್ಲ. ಆದರೆ ಮನೆಯಲ್ಲಿ ಅದಕ್ಕೊಂದು ಹೆಸರು ಸಿಕ್ಕಿದೆ. ನೋಟ್‌ಬುಕ್ ತೆಗೆದದ್ದು ಯಾಕೆ ಅಂತ ಅತ್ತೆ ಕೇಳಿದರಂತೆ. ಸೊಸೆ ಹೇಳಿದ ಮೇಲೆ ಆ 74ರ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರಂತೆ: "ನಂಗೂ ಆಗಿತ್ತು ಕಣೇ. ರಾತ್ರಿ ಎದ್ದು ಹೋಗಿ ಬಾವಿಕಟ್ಟೆ ಮೇಲೆ ಕೂರ್ತಿದ್ದೆ. ಯಾರ ಹತ್ರ ಹೇಳೋದು?"